ಕುಕ್ಕರಹಳ್ಳಿ ಕೆರೆ ಏರಿ, ಬೆಳಗಿನ ಮಂಜು: ಕೂಗು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ

ದುರ್ಬೀನು_60 · ನವೆಂಬರ್ 14, ಬೆಳಗ್ಗೆ 9:40

ಎಲ್ಲರಿಗೂ ನಮಸ್ಕಾರ. ಹಕ್ಕಿ ನೋಡುವ ವಿಷಯದಲ್ಲಿ ನಾನಿನ್ನೂ ಎಲ್‌ಕೆಜಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೂನ್ ತಿಂಗಳಲ್ಲಿ ರಿಟೈರ್ ಆದೆ. ಟಿವಿ ಮುಂದೆ ಕೂತು ಕೂತು ಅಪ್ಪ ಕೆಟ್ಟುಹೋಗುತ್ತಾರೆ ಅಂತ ಮಗಳು ದಸರಾಕ್ಕೆ ಬಂದಾಗ ಒಂದು ಬೈನಾಕ್ಯುಲರ್ ತಂದುಕೊಟ್ಟಳು. ಚಿಕ್ಕದು, ಜೇಬಿಗೆ ಹಿಡಿಸುತ್ತದೆ, ಮೇಲೆ 10x25 ಅಂತ ಬರೆದಿದೆ. ಅವತ್ತಿನಿಂದ ಹೆಚ್ಚುಕಮ್ಮಿ ದಿನಾ ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೇನೆ.

ಅಕ್ಟೋಬರಿನಲ್ಲಿ ಚೆನ್ನಾಗಿತ್ತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ, ಇಷ್ಟೂ ಗುರುತು ಸಿಕ್ಕಿತು. ದೊಡ್ಡ ಹಕ್ಕಿಗಳು, ಪಾಪ, ಫೋಟೋಗೆ ನಿಂತ ಹಾಗೆ ನಿಂತಿರುತ್ತವೆ. ಈಗ ಒಂದು ವಾರದಿಂದ ಏರಿ ಮೇಲೆ ಮಂಜೋ ಮಂಜು. ಆರೂವರೆಗೆ ಹೋದರೆ ಮುಂದೆ ನಡೆಯುತ್ತಿರುವವರ ಬೆನ್ನು ಕಾಣುವುದಿಲ್ಲ, ಬರೀ ಚಪ್ಪಲಿ ಸದ್ದು. ಕೆರೆ ಮಧ್ಯದ ಮರಗಳು ಮಾಯ. ಮತ್ತೆ ಇದು ದಿನಾ ಹೀಗೇ ಇದ್ದರೆ ಬಿಡಿ ಅನ್ನಬಹುದಿತ್ತು. ಸೋಮವಾರ ದಟ್ಟ ಮಂಜು, ಮಂಗಳವಾರ ಒಂದು ಚೂರೂ ಇಲ್ಲ, ಬುಧವಾರ ಜಿಟಿಜಿಟಿ ಮಳೆ, ಇವತ್ತು ಮತ್ತೆ ಮಂಜು. ಎಷ್ಟೊತ್ತಿಗೆ ಹೋಗಬೇಕು ಅಂತಲೇ ತಿಳಿಯುತ್ತಿಲ್ಲ.

ಎರಡನೇ ಪ್ರಶ್ನೆ ಇದಕ್ಕಿಂತ ಜಾಸ್ತಿ ತಲೆ ತಿನ್ನುತ್ತಿದೆ. ಬೋಗಾದಿ ರಸ್ತೆ ಕಡೆಯ ದಾರಿಯಲ್ಲಿ ಒಂದು ಹೊಂಗೆ ಮರ ಇದೆ, ಕೆಳಗೆ ಲಂಟಾನ ಪೊದೆ. ಅಲ್ಲಿ ಒಂದು ಸಣ್ಣ ಹಕ್ಕಿ ದಿನಾ ಕೂಗುತ್ತದೆ. ಒಮ್ಮೆ "ತ್ಸಿಲೀ" ಅನ್ನುತ್ತದೆ, ಒಮ್ಮೆ ನಾಲಿಗೆ ಚಪ್ಪರಿಸಿದ ಹಾಗೆ "ಚಕ್... ಚಕ್" ಅನ್ನುತ್ತದೆ. ಮಂಜಿದ್ದಾಗಲೂ ಕೂಗುತ್ತದೆ, ಇಲ್ಲದಾಗಲೂ ಕೂಗುತ್ತದೆ. ಐದು ದಿನ ಕತ್ತೆತ್ತಿ ನಿಂತೆ. ಕಂಡಿದ್ದು ಏನಪ್ಪಾ ಅಂದರೆ ಅಲ್ಲಾಡುವ ಎಲೆ. ಫೋನಿನ ಆ್ಯಪ್‌ಗೆ ಕೇಳಿಸಿದರೆ ಮೂರು ದಿನ ಮೂರು ಹೆಸರು ಹೇಳಿತು. ಮನೆಯವಳು ನಗುತ್ತಾಳೆ, "ಹಕ್ಕಿ ನೋಡೋಕೆ ಹೋದವರು ಮಂಜು ನೋಡ್ಕೊಂಡು ಬಂದ್ರಾ" ಅಂತ.

ಇದು ಯಾವ ಹಕ್ಕಿ, ನೋಡುವುದು ಹೇಗೆ, ಯಾರಾದರೂ ಹೇಳಿ.

ಟಿಟ್ಟಿಭ · ನವೆಂಬರ್ 14, ಬೆಳಗ್ಗೆ 11:15

ಸಾರ್, ಸ್ವಾಗತ. ನಿಮ್ಮ ಮನೆಯವರಿಗೆ ಹೇಳಿ, ಮಂಜು ನೋಡಿಕೊಂಡು ಬರುವುದೂ ಅರ್ಧ ಕೆಲಸವೇ.

ಮೊದಲು ಮಂಜಿನ ಲೆಕ್ಕ. ಇದರಲ್ಲಿ ಗುಟ್ಟೇನೂ ಇಲ್ಲ. ರಾತ್ರಿ ಆಕಾಶ ಶುಭ್ರವಾಗಿದ್ದು ಗಾಳಿ ಇಲ್ಲದಿದ್ದರೆ ನೆಲ ಹಗಲು ಹೀರಿದ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ, ಅದರಲ್ಲಿದ್ದ ನೀರಿನ ಆವಿ ಹನಿಯಾಗಿ ತೇಲುತ್ತದೆ. ಕೆರೆ ನೀರು ನೆಲದಷ್ಟು ಬೇಗ ತಣ್ಣಗಾಗುವುದಿಲ್ಲ. ಬೆಚ್ಚಗಿನ ನೀರು, ಮೇಲೆ ತಣ್ಣನೆ ಗಾಳಿ, ಅದಕ್ಕೇ ಕೆರೆ ಮೇಲೆ ಹಂಡೆ ನೀರು ಕಾದ ಹಾಗೆ ಹಬೆ ಏಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಬಂತು ಅಂದರೆ ಆ ಮೋಡವೇ ನೆಲಕ್ಕೆ ಕಂಬಳಿ. ಅವತ್ತು ರಾತ್ರಿ ಅಷ್ಟು ಚಳಿ ಇಲ್ಲ, ಮಂಜೂ ಇಲ್ಲ. ನಿಮ್ಮ ಮಂಗಳವಾರ ಆಗಿದ್ದು ಇದೇ, ಆಮೇಲೆ ಬುಧವಾರದ ಜಿಟಿಜಿಟಿ. ಮಳೆ ಬಂದು ನೆಲ ಒದ್ದೆಯಾಗಿ, ಮಾರನೇ ರಾತ್ರಿ ಆಕಾಶ ತೆರೆದುಕೊಂಡರೆ ಬೆಳಗ್ಗೆ ಮಂಜು ಗ್ಯಾರಂಟಿ ಅಂತ ಇಟ್ಟುಕೊಳ್ಳಿ. ಅದೇ ಇವತ್ತು ಆಗಿರುವುದು. ಮಲಗುವ ಮುಂಚೆ ಒಮ್ಮೆ ತಾರಸಿಗೆ ಹೋಗಿ ನಕ್ಷತ್ರ ಕಾಣುತ್ತಾ ನೋಡಿ. ಚೆನ್ನಾಗಿ ಕಂಡರೆ ಬೆಳಗ್ಗೆ ಅರ್ಧ ಗಂಟೆ ಜಾಸ್ತಿ ನಿದ್ದೆ ಮಾಡಿ.

ಈಗ ಸೂರ್ಯ ಹುಟ್ಟುವುದು 6:20ರ ಸುಮಾರಿಗೆ. ಮಂಜಿದ್ದ ದಿನ ಏಳೂವರೆಗೆ ಹೋಗಿ ಸಾಕು. ಎಂಟರ ಹೊತ್ತಿಗೆ ಬಿಸಿಲು ಮರದ ತುದಿಗೆ ಬೀಳುತ್ತದೆ. ಮೊದಲು ಬಿಸಿಲು ಬೀಳುವ ಮರ ಯಾವುದು ಅಂತ ಗುರುತು ಮಾಡಿಕೊಳ್ಳಿ, ಹಕ್ಕಿಗಳೆಲ್ಲ ಅಲ್ಲಿಗೇ ಬರುತ್ತವೆ. ಬಿಸಿಲು ಬಿದ್ದ ಕಡೆ ಹುಳ ಏಳುತ್ತದೆ, ಹುಳ ಎದ್ದ ಕಡೆ ಹಕ್ಕಿ, ಅಷ್ಟೇ. ಹೆಜ್ಜಾರ್ಲೆಗಳನ್ನು ಗಮನಿಸಿ, ಅವಕ್ಕೆ ಗಡಿಬಿಡಿಯೇ ಇಲ್ಲ. ಅಷ್ಟು ಭಾರದ ಮೈ ಹೊತ್ತು ರೆಕ್ಕೆ ಬಡಿದು ಮೇಲೇರುವುದು ಕಷ್ಟ, ನೆಲ ಕಾದು ಬಿಸಿಗಾಳಿ ಏಳುವವರೆಗೆ ಕಾಯುತ್ತವೆ. ಒಂಬತ್ತು, ಒಂಬತ್ತೂವರೆ ಆದ ಮೇಲೆ ಒಂದೊಂದೇ ಎದ್ದು ಸುತ್ತು ಹಾಕುತ್ತಾ ಹಾಕುತ್ತಾ, ರೆಕ್ಕೆ ಬಡಿಯದೆ ಮೇಲಕ್ಕೆ ಹೋಗುತ್ತವೆ. ಮೋಡದ ದಿನ ಇನ್ನೂ ತಡ.

ಇನ್ನು ನಿಮ್ಮ ಹಕ್ಕಿ. "ತ್ಸಿಲೀ" ಅಂದರೆ ಗ್ರೀನಿಶ್ ವಾರ್ಬ್ಲರ್, ನಮ್ಮ ಕಡೆ ಎಲೆ ಉಲಿಯಕ್ಕಿ ಅನ್ನುವ ಗುಂಪಿನದು. ಹಿಮಾಲಯ, ಮಧ್ಯ ಏಷ್ಯಾ ಕಡೆ ಮರಿ ಮಾಡಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇಲ್ಲಿಗೆ ಬರುತ್ತದೆ, ಏಪ್ರಿಲ್‌ವರೆಗೂ ಇರುತ್ತದೆ. ಬೆನ್ನು ಮಾಸಲು ಹಸಿರು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ಉದ್ದಕ್ಕೆ ತೆಳು ಹುಬ್ಬು, ರೆಕ್ಕೆಯಲ್ಲಿ ಒಂದು ಸಣ್ಣ ಬಿಳಿ ಗೆರೆ. ತೂಕ ಏಳೆಂಟು ಗ್ರಾಂ. ಈಗಿನ ಒಂದು ರೂಪಾಯಿ ನಾಣ್ಯ ಎರಡನ್ನು ಅಂಗೈ ಮೇಲೆ ಇಟ್ಟುಕೊಳ್ಳಿ, ಅಷ್ಟೇ. ಹೊಂಗೆ ಎಲೆ ಬಣ್ಣಕ್ಕೂ ಅದರ ಬಣ್ಣಕ್ಕೂ ವ್ಯತ್ಯಾಸವೇ ಇಲ್ಲ, ಒಂದು ಸೆಕೆಂಡ್ ಒಂದು ಕಡೆ ನಿಲ್ಲುವುದೂ ಇಲ್ಲ. ಹಾಗಾಗಿ ಐದು ದಿನ ಕಾಣದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನನಗೆ ಮೊದಲ ಸಲ ಒಂದು ತಿಂಗಳು ಹಿಡಿಯಿತು.

ಒಂದು ವಿಷಯ ನಿಮಗೆ ಅನುಕೂಲ. ಈ ಹಕ್ಕಿ ಚಳಿಗಾಲ ಪೂರ್ತಿ ತನ್ನ ಜಾಗ ಕಾಯುತ್ತದೆ. ಒಂದೆರಡು ಮರ, ಅದರ ಹುಳ, ಎಲ್ಲ ತನ್ನದು. ಇನ್ನೊಂದು ಉಲಿಯಕ್ಕಿ ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ದಿನಾ ಕೂಗುವುದೂ ಅದಕ್ಕೇ, "ಇಲ್ಲಿ ಮನೆ ಖಾಲಿ ಇಲ್ಲ" ಅಂತ ಬೋರ್ಡ್ ಹಾಕಿದ ಹಾಗೆ. ಅಂದರೆ ಇವತ್ತು ತಪ್ಪಿದರೆ ನಾಳೆ, ನಾಳೆ ತಪ್ಪಿದರೆ ಸಂಕ್ರಾಂತಿ. ಕೆರೆ ಸುತ್ತಬೇಡಿ. ಆ ಮರದ ಕೆಳಗೆ ಇಪ್ಪತ್ತು ನಿಮಿಷ ಕೂತುಬಿಡಿ.

ಸೂಜಿಮಲ್ಲಿಗೆ · ನವೆಂಬರ್ 14, ಮಧ್ಯಾಹ್ನ 12:02

"ಚಕ್ ಚಕ್" ಗ್ರೀನಿಶ್ ಅಲ್ಲವೇ ಅಲ್ಲ. ಟಿಟ್ಟಿಭ ಸಾರ್ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದಾರೆ 😄

ಟುವ್ವಿ ಹಕ್ಕಿ ಇರಬಹುದಾ? ಅದೂ ಪೊದೆಯಲ್ಲೇ ಇರುತ್ತದೆ, ದನಿಯೂ ಜೋರು.

ಟಿಟ್ಟಿಭ · ನವೆಂಬರ್ 14, ಮಧ್ಯಾಹ್ನ 12:20

ಒಪ್ಪಿದೆ ಮೇಡಂ, ಅದನ್ನು ನಾನು ನುಂಗಿಬಿಟ್ಟೆ. ಟುವ್ವಿ ಅಲ್ಲ ಅನ್ನಿಸುತ್ತದೆ. ಅದು ಒಂದೇ ಸಮನೆ "ಟುವ್ವಿ ಟುವ್ವಿ ಟುವ್ವಿ" ಅಂತ ಕಿವಿ ತೂತಾಗುವ ಹಾಗೆ ಬಡಿದುಕೊಳ್ಳುತ್ತದೆ, ಬಾಲ ಮೇಲಕ್ಕೆ ಎತ್ತಿರುತ್ತದೆ, ನೆತ್ತಿ ಕೆಂಗಂದು. ನಿಧಾನಕ್ಕೆ, ಬಿಡಿಬಿಡಿಯಾಗಿ "ಚಕ್" ಅಂದು, ಪೊದೆಯೊಳಗಿಂದ ಹೊರಗೇ ಬರದ ಹಕ್ಕಿ ಅಂದರೆ ಬ್ಲಿತ್ಸ್ ರೀಡ್ ವಾರ್ಬ್ಲರ್. ಮಣ್ಣಿನ ಬಣ್ಣ, ಗೆರೆ ಇಲ್ಲ, ಚುಕ್ಕೆ ಇಲ್ಲ, ಏನೂ ಇಲ್ಲ. ಅದೂ ವಲಸೆ ಹಕ್ಕಿಯೇ.

ಹಾಗಾದರೆ ಒಂದೇ ಹಕ್ಕಿ ಎರಡು ಥರ ಕೂಗುತ್ತಿಲ್ಲ. ಮೇಲೆ ಮರದಲ್ಲಿ ಒಂದು, ಕೆಳಗೆ ಪೊದೆಯಲ್ಲಿ ಇನ್ನೊಂದು. ಮಹಡಿ ಮನೆಯವರು, ಕೆಳಗಿನ ಮನೆಯವರು. ಆ್ಯಪ್ ಮೂರು ಹೆಸರು ಯಾಕೆ ಹೇಳಿತು ಅಂತಲೂ ಗೊತ್ತಾಯಿತು ನೋಡಿ. ದುರ್ಬೀನು ಸಾರ್, ಆ ಮೂರು ಹೆಸರಲ್ಲಿ ಈ ಎರಡೂ ಇತ್ತಾ?

ದುರ್ಬೀನು_60 · ನವೆಂಬರ್ 14, ಮಧ್ಯಾಹ್ನ 1:30

ಇತ್ತು ಸಾರ್! ಎರಡೂ ಇತ್ತು. ಮೂರನೆಯದು ಕಾಗೆ. ಕಾಗೆ ನನಗೂ ಕಾಣುತ್ತಿತ್ತು, ಅದಕ್ಕೇ ಆ್ಯಪ್ ಮೇಲೆ ನಂಬಿಕೆ ಹೋಯಿತು.

ಅವರೆಸೊಗಡು · ನವೆಂಬರ್ 14, ಸಂಜೆ 6:45

ನಮ್ಮದು ನಂಜನಗೂಡು ತಾಲ್ಲೂಕು, ಬೇಸಾಯದ ಮನೆ. ಹಕ್ಕಿ ನೋಡಕ್ಕೆ ಅಂತ ಹೋಗುವವನಲ್ಲ ನಾನು, ಹೊಲಕ್ಕೆ ಹೋದಾಗ ಅವೇ ನನ್ನನ್ನು ನೋಡುತ್ತವೆ.

ಟಿಟ್ಟಿಭ ಅವರು ಹೇಳಿದ ಮೋಡದ ಕಂಬಳಿ ಸರಿಯಾಗಿದೆ. ನಮ್ಮಪ್ಪ ಅದನ್ನೇ ಬೇರೆ ಥರ ಹೇಳುತ್ತಿದ್ದರು, ಚುಕ್ಕಿ ಕಂಡರೆ ಚಳಿ, ಮೋಡ ಕಂಡರೆ ಸೆಖೆ ಅಂತ. ಈಗ ನಡೆಯುತ್ತಿರುವುದು ವಿಶಾಖ ಮಳೆ, ಇನ್ನೊಂದು ವಾರಕ್ಕೆ ಅನುರಾಧ. ಇವು ಬಿದ್ದರೂ ಕಷ್ಟ, ಬೀಳದಿದ್ದರೂ ಕಷ್ಟ. ರಾಗಿ ತೆನೆ ಬಲಿತು ನಿಂತಿರುತ್ತದೆ, ಭತ್ತ ಕೊಯ್ಲಿಗೆ ಬಂದಿರುತ್ತದೆ, ಆಗಲೇ ಚೆನ್ನೈ ಕಡೆ ಸೈಕ್ಲೋನ್ ಎದ್ದು ಇಲ್ಲಿ ಮೂರು ದಿನ ಜಡಿ ಹಿಡಿಯುತ್ತದೆ. ಆದರೆ ಇಬ್ಬನಿ ಮಾತ್ರ ಬೇಕೇ ಬೇಕು. ಇಬ್ಬನಿ ಚೆನ್ನಾಗಿ ಬಿದ್ದ ವರ್ಷದ ಅವರೆಕಾಯಿ ಸೊಗಡೇ ಬೇರೆ, ಕೈಯಲ್ಲಿ ತಿಕ್ಕಿದರೆ ಮಧ್ಯಾಹ್ನದವರೆಗೆ ವಾಸನೆ ಹೋಗುವುದಿಲ್ಲ. ನೀವು ಏರಿ ಮೇಲೆ ಮಂಜು ಮಂಜು ಅಂತ ಬೈದುಕೊಳ್ಳುವಾಗ ನಾವಿಲ್ಲಿ ಅವರೆ ಹೊಲ ನೋಡಿ ಖುಷಿಪಡುತ್ತಿರುತ್ತೇವೆ.

ಹಕ್ಕಿ ವಿಷಯ ಕೇಳಿದಿರಿ ಅಂತ ಬರೆಯುತ್ತಿದ್ದೇನೆ. ಜಡಿಮಳೆ ಹಿಡಿದ ದಿನ ಮನೆಯಲ್ಲಿ ಕೂರಬೇಡಿ. ಮಳೆ ನಿಂತು ಒಂದು ಗಳಿಗೆ ಬಿಡುವು ಕೊಡುತ್ತದಲ್ಲ, ಆಗ ನೋಡಿ. ಅಲ್ಲಿವರೆಗೂ ಎಲ್ಲಿ ಅಡಗಿದ್ದವೋ, ಗುಂಪು ಗುಂಪಾಗಿ ಬಂದು ಬೇಲಿ ಮೇಲೆ, ತಂತಿ ಮೇಲೆ ಕೂತು ತಿನ್ನುವುದಕ್ಕೆ ಶುರು ಮಾಡುತ್ತವೆ. ಕವಲುತೋಕೆಗಳು ಅವತ್ತು ಮೇಲೆ ಹಾರುವುದೇ ಇಲ್ಲ. ಹುಳಗಳು ಕೆಳಗೇ ಇರುತ್ತವಲ್ಲ, ಅದಕ್ಕೆ ಗದ್ದೆ ನೀರಿಗೆ ಹೊಟ್ಟೆ ತಾಗುವ ಹಾಗೆ ಹಾರುತ್ತವೆ. ಬದುವಿನ ಮೇಲೆ ನಿಂತರೆ ಕಾಲ ಹತ್ತಿರವೇ ಸುಯ್ ಅಂತ ಹೋಗುತ್ತವೆ, ನಿಮ್ಮ ಬೈನಾಕ್ಯುಲರ್ ಬೇಕಾಗಿಲ್ಲ.

ಇನ್ನೊಂದು. ಡಿಸೆಂಬರ್ ಬಂದ ಮೇಲೆ ಒಂದು ದಿನ ನಮ್ಮ ಕಡೆ ಹದಿನಾರು ಅನ್ನುವ ಊರಿನ ಕೆರೆಗೆ ಬನ್ನಿ. ಪಟ್ಟೆತಲೆ ಹೆಬ್ಬಾತು ಬರುತ್ತವೆ. ಬೂದು ಮೈ, ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟಿ ಯಾರೋ ಇದ್ದಿಲಲ್ಲಿ ಎಳೆದ ಹಾಗೆ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುತ್ತವಂತೆ ಅಂತ ಓದಿದ್ದೇನೆ, ಕುತ್ತಿಗೆಗೆ ನಂಬರ್ ಇರುವ ಪಟ್ಟಿ ಹಾಕಿಸಿಕೊಂಡವೂ ಈ ಕಡೆ ಕಂಡಿವೆ. ಹಗಲೆಲ್ಲ ಕೆರೆಯಲ್ಲಿ ಪೂಜಾರಿಗಳ ಹಾಗೆ ಕೂತಿರುತ್ತವೆ. ಸಂಜೆ ಕತ್ತಲಾಗುವ ಹೊತ್ತಿಗೆ ಸಾಲು ಹಿಡಿದು ಎದ್ದು, ಕೊಯ್ದ ಗದ್ದೆಗೆ ಉದುರಿದ ಭತ್ತ ಆಯಲು ಹೋಗುತ್ತವೆ. ಆ ಸದ್ದು ಕೇಳಬೇಕು ನೀವು. ಹಳೇ ಬಸ್ಸಿನ ಹಾರನ್ನು ಇಪ್ಪತ್ತು ಜನ ಒಟ್ಟಿಗೆ ಒತ್ತಿದ ಹಾಗೆ.

ಕಾವಳ · ನವೆಂಬರ್ 14, ರಾತ್ರಿ 8:10

10x25 ಅಂದಿರಿ, ಅಲ್ಲೇ ಇರುವುದು ನಿಮ್ಮ ಅರ್ಧ ತೊಂದರೆ. ಮಗಳು ಪ್ರೀತಿಯಿಂದ ಕೊಟ್ಟಿದ್ದು, ಹಾಗಾಗಿ ಬೇಜಾರಾಗಬೇಡಿ, ಊರು ಸುತ್ತಲು ಅದು ಒಳ್ಳೆಯದೇ.

ಲೆಕ್ಕ ಹೀಗೆ. ಎರಡನೇ ಸಂಖ್ಯೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅದನ್ನು ಮೊದಲನೇ ಸಂಖ್ಯೆಯಿಂದ ಭಾಗಿಸಿ. 25 ಭಾಗಿಸು 10, ಎರಡೂವರೆ. ನಿಮ್ಮ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಅಷ್ಟು ಅಗಲ. ಬೆಳಗಿನ ಮಬ್ಬಿನಲ್ಲಿ ಕಣ್ಣಿನ ಪಾಪೆ ಅದಕ್ಕಿಂತ ದೊಡ್ಡದಾಗಿ ತೆರೆದುಕೊಂಡಿರುತ್ತದೆ, ಸಿಗುತ್ತಿರುವುದು ಎರಡೂವರೆ ಮಿಲಿಮೀಟರ್ ಬೆಳಕು. ಹಾಗಾಗಿ ಎಲ್ಲ ಮಂಕು. 8x42 ಆದರೆ ಐದು ಚಿಲ್ಲರೆ, ಬೆಳಕೂ ಜಾಸ್ತಿ, ಕೈ ನಡುಗಿದ್ದೂ ಕಮ್ಮಿ ಗೊತ್ತಾಗುತ್ತದೆ, ಒಮ್ಮೆಗೆ ಕಾಣುವ ಜಾಗವೂ ಹೆಚ್ಚು. ಉಲಿಯಕ್ಕಿಯಂಥ ಚಡಪಡಿಕೆ ಹಕ್ಕಿಗೆ ಹತ್ತು ಪಟ್ಟು ದೊಡ್ಡದು ಮಾಡುವುದಕ್ಕಿಂತ ಅಗಲವಾಗಿ ಕಾಣುವುದು ಮುಖ್ಯ. ಹಾಗಂತ ನಾಳೆಯೇ ಅಂಗಡಿಗೆ ಓಡಬೇಡಿ. ಈ ಸೀಸನ್ ಇದರಲ್ಲೇ ಕಳೆಯಿರಿ, ಬಿಸಿಲು ಬಂದ ಮೇಲೆ ನೋಡಿ.

ಮಂಜಿನ ದಿನ ಗಾಜಿಗೆ ಹನಿ ಕೂತರೆ ಶಾಲು, ಪಂಚೆ, ಕರ್ಚೀಫು ಯಾವುದರಲ್ಲೂ ಉಜ್ಜಬೇಡಿ. ನಾನು ಉಜ್ಜಿ ಉಜ್ಜಿ ಒಂದು ಹಾಳು ಮಾಡಿಕೊಂಡೆ. ಕನ್ನಡಕ ಒರೆಸುವ ಬಟ್ಟೆ ಜೇಬಲ್ಲಿ ಇರಲಿ. ಮತ್ತೆ ದಾರಿಯಲ್ಲಿ ಕ್ಯಾಮೆರಾ ಹಿಡಿದು ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವವರು ಸಿಗುತ್ತಾರೆ, "ಸಾರ್ ಎರಡು ನಿಮಿಷ, ಹೊರಗೆ ಬರುತ್ತೆ ನೋಡಿ" ಅಂತ. ಹೌದು ಬರುತ್ತದೆ. ಯಾರೋ ತನ್ನ ಮರಕ್ಕೆ ನುಗ್ಗಿದರು ಅಂತ ಜಗಳಕ್ಕೆ ಬರುತ್ತದೆ. ಅದು ತಿನ್ನುವ ಹೊತ್ತು, ಜಗಳಕ್ಕೆ ಖರ್ಚು. ನಾನು ಒಬ್ಬರಿಗೆ ಹೇಳಲು ಹೋಗಿ ಬೈಸಿಕೊಂಡೆ, ಅದು ಬೇರೆ ಕಥೆ.

ಸೂಜಿಮಲ್ಲಿಗೆ · ನವೆಂಬರ್ 14, ರಾತ್ರಿ 8:31

ಆ ಕಥೆ ಹೇಳಿ 😄

ಕಾವಳ · ನವೆಂಬರ್ 14, ರಾತ್ರಿ 8:40

ಬೇಡ ತಾಯಿ.

ಭದ್ರಾವತಿ ಟು ಫಿನ್ಲೆಂಡ್ · ನವೆಂಬರ್ 15, ನಸುಕು 1:05

ಟೈಮ್ ನೋಡಿ ಗಾಬರಿಯಾಗಬೇಡಿ, ನಮಗಿಲ್ಲಿ ಇನ್ನೂ ರಾತ್ರಿ ಒಂಬತ್ತೂವರೆ. ಹುಟ್ಟಿದ್ದು ಭದ್ರಾವತಿ, ಈಗ ಫಿನ್ಲೆಂಡಿನ ಆಗ್ನೇಯ ಮೂಲೆಯಲ್ಲಿ ಇದ್ದೇನೆ, ಆರು ವರ್ಷ ಆಯಿತು. "ಬ್ಲಿತ್ಸ್ ರೀಡ್ ವಾರ್ಬ್ಲರ್" ಅಂತ ಓದಿದ ತಕ್ಷಣ ಎದ್ದು ಕೂತೆ. ದುರ್ಬೀನು ಅಂಕಲ್, ನಿಮ್ಮ ಪೊದೆಯಲ್ಲಿರುವುದು ನಮ್ಮೂರ ಹಕ್ಕಿ!

ಸರಿ, ನಮ್ಮೂರದೇ ಅಂತ ಹೇಳಲಾಗದು. ಅದು ಇಲ್ಲಿಂದ ಹಿಡಿದು ಸೈಬೀರಿಯಾದವರೆಗೆ ಮರಿ ಮಾಡುತ್ತದೆ. ಆದರೆ ಇಲ್ಲಿ ಮೇ ಕೊನೆಗೆ ಬರುತ್ತದೆ, ಎಲ್ಲ ಹಕ್ಕಿ ಬಂದು ಮುಗಿದ ಮೇಲೆ ಮದುವೆಗೆ ತಡವಾಗಿ ಬರುವ ನೆಂಟರ ಥರ. ಜೂನ್‌ನಲ್ಲಿ ಇಲ್ಲಿ ಕತ್ತಲೇ ಆಗುವುದಿಲ್ಲ, ರಾತ್ರಿ ಹನ್ನೆರಡಕ್ಕೂ ಸಂಜೆ ಏಳರ ಹಾಗೆ ಬೆಳಕು. ನಮ್ಮ ಮನೆ ಹಿಂದೆ ಒಂದು ಪಾಳು ಬಿದ್ದ ಹೊಲ, ಪೊದೆ ಬೆಳೆದಿದೆ. ಅಲ್ಲಿ ಕೂತು ರಾತ್ರಿಯಿಡೀ ಹಾಡುತ್ತದೆ. ಬೇರೆ ಹಕ್ಕಿಗಳ ದನಿಯನ್ನೆಲ್ಲ ಕದ್ದು, ಒಂದು ತುಣುಕನ್ನು ನಾಲ್ಕೈದು ಸಲ ನಿಧಾನಕ್ಕೆ ಹೇಳಿ, ನಡುವೆ ತಾಳ ಹಾಕಿದ ಹಾಗೆ "ಚಕ್ ಚಕ್" ಅಂತ ಸೇರಿಸಿ, ಮತ್ತೆ ಮುಂದಿನ ತುಣುಕು. ನೀವು ಅಲ್ಲಿ ಕೇಳುತ್ತಿರುವುದು ಆ ತಾಳ ಮಾತ್ರ. ಹಾಡು ಇಲ್ಲೇ ಬಿಟ್ಟು ಬಂದಿರುತ್ತದೆ. ನಿದ್ದೆಗೆಟ್ಟು ನಾನು ಎಷ್ಟು ಬೈದಿದ್ದೇನೋ ಅದಕ್ಕೆ.

ಆಗಸ್ಟ್ ಬರುವಷ್ಟರಲ್ಲಿ ಪೊದೆ ಖಾಲಿ. ಯುರೋಪಿನ ಹಕ್ಕಿಗಳು ಸಾಮಾನ್ಯವಾಗಿ ದಕ್ಷಿಣಕ್ಕೆ, ಆಫ್ರಿಕಾಕ್ಕೆ ಹೋಗುತ್ತವೆ. ಇದು ಮಾತ್ರ ಪೂರ್ವಕ್ಕೆ ತಿರುಗಿಕೊಂಡು ಇಂಡಿಯಾ ಕಡೆ ಹೊರಡುತ್ತದೆ. ಹನ್ನೊಂದು ಹನ್ನೆರಡು ಗ್ರಾಂ ಹಕ್ಕಿ, ವೀಸಾ ಇಲ್ಲ, ಟಿಕೆಟ್ ಇಲ್ಲ. ನಾನು ಊರಿಗೆ ಬರಲು ಎರಡು ವರ್ಷದಿಂದ ರಜೆ ಹೊಂದಿಸುತ್ತಿದ್ದೇನೆ.

ಈಗ ಇಲ್ಲಿ ಹಗಲು ಏಳು ಗಂಟೆ ಚಿಲ್ಲರೆ ಅಷ್ಟೇ. ಶನಿವಾರ ಜೌಗಿನ ಮೇಲೆ ಹಲಗೆ ಹಾಸಿದ ದಾರಿಯಲ್ಲಿ ನಡೆದೆ. ಹಲಗೆ ಮೇಲೆಲ್ಲ ಬಿಳಿ ಹೆಪ್ಪು, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು, ಜಾರಿ ಬಿದ್ದರೆ ಎತ್ತಲು ಯಾರೂ ಇಲ್ಲ. ಎರಡು ಗಂಟೆಯಲ್ಲಿ ಕಂಡ ಹಕ್ಕಿ ನಾಲ್ಕೇ ಜಾತಿ. ಕೆಂಪು ಹಣ್ಣು ಬಿಡುವ ರೋವನ್ ಮರ ಅಂತ ಒಂದಿದೆ, ಅದರ ತುಂಬ ವ್ಯಾಕ್ಸ್‌ವಿಂಗ್ ಗುಂಪು. ಜುಟ್ಟು ಇರುವ ಗುಂಡುಗುಂಡು ಹಕ್ಕಿ, ನಮ್ಮ ಪಿಕಳಾರ ಸ್ವೆಟರ್ ಹಾಕಿಕೊಂಡರೆ ಹೇಗಿರುತ್ತದೋ ಹಾಗೆ. ಹಣ್ಣು ಖಾಲಿಯಾದ ದಿನ ಅವೂ ಹೊರಡುತ್ತವೆ. ನಿಮ್ಮ 17 ಡಿಗ್ರಿ ಚಳಿಗೆ ಯಾರೂ ದಯವಿಟ್ಟು "ಸಿಕ್ಕಾಪಟ್ಟೆ ಚಳಿ" ಅನ್ನಬೇಡಿ, ಹೊಟ್ಟೆ ಉರಿಯುತ್ತದೆ.

ಆ ಪೊದೆ ಕಡಿಸದ ಹಾಗೆ ನೋಡಿಕೊಳ್ಳಿ ಅಂಕಲ್.

ಟಿಟ್ಟಿಭ · ನವೆಂಬರ್ 15, ಬೆಳಗ್ಗೆ 7:20

ಹನ್ನೆರಡು ವರ್ಷದಿಂದ ಆ ಹಕ್ಕಿಯ "ಚಕ್" ಕೇಳುತ್ತಿದ್ದೇನೆ, ಹಾಡು ಹೇಗಿರುತ್ತದೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಜೂನ್‌ನಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕಿ ಅಕ್ಕಾ, ಮರೆಯಬೇಡಿ.

ಪೊದೆ ಮಾತು ಬಂತು ಅಂತ ಹೇಳುತ್ತೇನೆ. ಲಂಟಾನ ನಮ್ಮ ಗಿಡವಲ್ಲ, ಅದು ಕಾಡಿನಲ್ಲಿ ಹಬ್ಬಿ ಮಾಡಿರುವ ಹಾವಳಿ ಎಲ್ಲರಿಗೂ ಗೊತ್ತು, ಅದರ ಪರ ವಕಾಲತ್ತು ಮಾಡುತ್ತಿಲ್ಲ. ಆದರೆ ಊರೊಳಗಿನ ಕೆರೆಗಳಲ್ಲಿ "ಕ್ಲೀನಿಂಗ್" ಅಂದರೆ ಪೊದೆ, ಜೊಂಡು, ಒಣಗಿದ ಕೊಂಬೆ ಎಲ್ಲ ಬೋಳಿಸಿ ಹುಲ್ಲುಹಾಸು ಮಾಡುವುದು ಅಂತಾಗಿದೆ. ನಮ್ಮ ಬಡಾವಣೆ ಹತ್ತಿರ ಒಂದು ಕಡೆ ಹಾಗೆ ಮಾಡಿದರು, ಹೆಸರು ಬೇಡ. ಮುಂದಿನ ನವೆಂಬರಿನಲ್ಲಿ ಅಲ್ಲಿ "ಚಕ್" ಇಲ್ಲ. ಕುಕ್ಕರಹಳ್ಳಿಯಲ್ಲಿ ಇನ್ನೂ ಇಷ್ಟು ಉಳಿದಿರುವುದೇ ಪುಣ್ಯ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಲಗಳಿಗೆ ನೀರುಣಿಸಲು ಕಟ್ಟಿಸಿದ ಕೆರೆ ಇದು. ಹೊಲ ಹೋಯಿತು, ಊರು ಸುತ್ತುವರಿಯಿತು, ಕೆರೆ ಉಳಿದುಕೊಂಡಿತು.

ಅವರೆಸೊಗಡು · ನವೆಂಬರ್ 15, ಬೆಳಗ್ಗೆ 8:05

ಭದ್ರಾವತಿ ಅಕ್ಕ, ಬರುವಾಗ ಹೇಳಿ, ಅವರೆ ಸಿಪ್ಪೆ ಬಿಡಿಸಿ ಇಟ್ಟಿರುತ್ತೇವೆ. ಹಿತಕಿದ ಬೇಳೆ ಸಾರಿಗೆ ಜನವರಿವರೆಗೂ ಅವಕಾಶ ಇದೆ.

ದುರ್ಬೀನು_60 · ನವೆಂಬರ್ 17, ಬೆಳಗ್ಗೆ 10:25

ವರದಿ ಒಪ್ಪಿಸುತ್ತಿದ್ದೇನೆ.

ನಿನ್ನೆ ರಾತ್ರಿ ತಾರಸಿಗೆ ಹೋಗಿ ನೋಡಿದೆ, ಆಕಾಶದ ತುಂಬ ಚುಕ್ಕಿ. ಸರಿ, ಅಲಾರಂ ಮುಂದೂಡಿದೆ. ಏಳೂ ಇಪ್ಪತ್ತಕ್ಕೆ ಗೇಟ್ ಹತ್ತಿರ ಇದ್ದೆ, ಹೇಳಿದ ಹಾಗೆ ಮಂಜು. ಈ ಸಲ ಕೆರೆ ಸುತ್ತಲಿಲ್ಲ. ಮನೆಯಿಂದ ಒಂದು ಹಳೇ ಪೇಪರ್ ತಂದಿದ್ದೆ, ಹೊಂಗೆ ಮರದ ಎದುರಿನ ಕಲ್ಲಿನ ಮೇಲೆ ಹಾಕಿಕೊಂಡು ಕೂತೆ. ಕಲ್ಲು ಎಷ್ಟು ತಣ್ಣಗಿತ್ತು ಅಂದರೆ ಪೇಪರ್ ದಾಟಿ ಚಳಿ ಬರುತ್ತಿತ್ತು. ವಾಕಿಂಗ್ ಬರುವವರಲ್ಲಿ ಇಬ್ಬರು ನಿಂತು "ಏನ್ ಸಾರ್, ಸುಸ್ತಾಯ್ತಾ" ಅಂತ ಕೇಳಿದರು.

ಮೊದಲ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡೇ ಕೂತೆ, ಹೇಗೂ ಏನೂ ಕಾಣುತ್ತಿರಲಿಲ್ಲವಲ್ಲ. ಆಗ ಗೊತ್ತಾಯಿತು. "ತ್ಸಿಲೀ" ಬರುತ್ತಿದ್ದುದು ಮೇಲಿಂದ, ಅದೂ ಜಾಗ ಬದಲಾಯಿಸುತ್ತಾ. "ಚಕ್" ಬರುತ್ತಿದ್ದುದು ನನ್ನ ಮೊಣಕಾಲಿನ ಎತ್ತರದಿಂದ, ಅದು ಹೆಚ್ಚು ಅಲ್ಲಾಡುವುದಿಲ್ಲ. ಇಷ್ಟು ದಿನ ಎರಡನ್ನೂ ಸೇರಿಸಿ ಒಂದು ಹಕ್ಕಿ ಮಾಡಿಕೊಂಡು, ಅದು ಎಲ್ಲಿದೆ ಅಂತ ಮರಕ್ಕೂ ಪೊದೆಗೂ ನಡುವೆ ಹುಡುಕುತ್ತಿದ್ದೆ!

ಎಂಟಕ್ಕೆ ಐದು ನಿಮಿಷ ಇರುವಾಗ ಹೊಂಗೆಯ ತುದಿಗೆ ಬಿಸಿಲು ಬಿತ್ತು. ಎಲೆ ಮೇಲಿನ ಇಬ್ಬನಿ ಎಲ್ಲ ಒಮ್ಮೆಗೇ ಹೊಳೆಯಿತು. ಒಂದು ಕೊಂಬೆಯಲ್ಲಿ ಮಾತ್ರ ಹನಿ ಉದುರಿತು, ಪಟಪಟ ಅಂತ. ಗಾಳಿ ಇಲ್ಲ, ಮತ್ತೆ ಯಾಕೆ ಉದುರಿತು ಅಂತ ಅಲ್ಲೇ ನೋಡಿದೆ. ಇತ್ತು. ನನ್ನ ಹೆಬ್ಬೆರಳಿನಷ್ಟು. ಎಲೆ ಅಡಿಗೆ ತಲೆ ಹಾಕಿ ಏನೋ ಹೆಕ್ಕಿತು, ರೆಕ್ಕೆ ಒಮ್ಮೆ ಜಾಡಿಸಿತು, ಆ ತೆಳು ಹುಬ್ಬು ಕಂಡಿತು ಸಾರ್, ಬಿಳಿ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ. ರೆಕ್ಕೆ ಗೆರೆ ಕಾಣಲಿಲ್ಲ, ಸುಳ್ಳು ಹೇಳಲ್ಲ. ಬೈನಾಕ್ಯುಲರ್ ಎತ್ತುವುದೇ ಮರೆತುಹೋಯಿತು. ನೆನಪಾಗಿ ಎತ್ತುವಷ್ಟರಲ್ಲಿ ಇನ್ನೊಂದು ಕೊಂಬೆಯಲ್ಲಿ "ತ್ಸಿಲೀ".

ಪೊದೆಯಲ್ಲಿರುವವರು ಇನ್ನೂ ಮುಖ ತೋರಿಸಿಲ್ಲ. ಭದ್ರಾವತಿ ಅಮ್ಮಾ, ನಿಮ್ಮೂರವರಿಗೆ ನಾಚಿಕೆ ಜಾಸ್ತಿ. ನಾಳೆ ಮನೆಯವಳೂ ಬರುತ್ತೇನೆ ಅಂದಿದ್ದಾಳೆ, ಹಕ್ಕಿಗಲ್ಲ, ನಾನು ನಿಜವಾಗಿ ಎಲ್ಲಿ ಕೂರುತ್ತೇನೆ ಅಂತ ನೋಡುವುದಕ್ಕೆ. ಎರಡು ಪೇಪರ್ ತೆಗೆದಿಟ್ಟಿದ್ದೇನೆ.

ಸೂಜಿಮಲ್ಲಿಗೆ · ನವೆಂಬರ್ 17, ಬೆಳಗ್ಗೆ 10:40

ಪೇಪರ್ ಬೇಡ ಅಂಕಲ್, ಹಳೇ ಯೋಗಾ ಮ್ಯಾಟ್ ತಗೊಂಡು ಹೋಗಿ. ಮತ್ತೆ ಫ್ಲಾಸ್ಕಿನಲ್ಲಿ ಕಾಫಿ. ಪೊದೆ ಹಕ್ಕಿಗೆ ಒಂದು ತಿಂಗಳು ಅಂತ ಟಿಟ್ಟಿಭ ಸಾರ್ ಹೇಳಿದ್ದಾರಲ್ಲ.

ಟಿಟ್ಟಿಭ · ನವೆಂಬರ್ 17, ಬೆಳಗ್ಗೆ 11:02

ಒಂದು ತಿಂಗಳು ಮೇಲಿನ ಮಹಡಿಯವರಿಗೆ. ಕೆಳಗಿನ ಮನೆಯವರನ್ನು ನಾನು ಸರಿಯಾಗಿ ನೋಡಿದ್ದು ಎರಡನೇ ವರ್ಷ. ಕಾಫಿ ಜಾಸ್ತಿ ಇರಲಿ.